ಆ ಹೆಡ್ಡಿನಲ್ಲಿ ತಪ್ಪಿರಲಿಲ್ಲ

ಹಾನಗಲ್ಲಿನ ಬಸ್ ನಿಲ್ದಾಣದಿಂದ ನಮ್ಮ ಗ್ಯಾರೇಜಿಗೆ ಬರುವ ದಾರಿಯಲ್ಲಿ ಯಾರನ್ನು ಕೇಳಿದರೂ ನನ್ನ ಗಂಡನ ಬಗ್ಗೆ ಎರಡು ಮಾತು ಹೇಳುತ್ತಾರೆ. ಕೈ ಚಲೋ ಇದೆ, ಪಂಪ್‌ಸೆಟ್ಟು, ಔಷಧಿ ಹೊಡೆಯುವ ಮಷಿನ್ನು ಏನು ಕೊಟ್ಟರೂ ಸರಿ ಮಾಡುತ್ತಾನೆ ಎನ್ನುವುದು ಒಂದು. ರೇಸಿನ ಗಾಡಿ ಮಾತ್ರ ಕೊಡಬೇಡಿ, ಹೆಂಡತಿಯ ಅಣ್ಣನನ್ನು ಕೊಂದ ಗಾಡಿಯ ಹೆಡ್ಡು ಕೊರೆದವನು ಅವನೇ ಎನ್ನುವುದು ಇನ್ನೊಂದು. ಮೊದಲನೆಯದು ನಿಜ, ಎರಡನೆಯದು ಸುಳ್ಳು. ಆದರೆ ಆ ಸುಳ್ಳನ್ನು ಊರಿಗೆ ಹೇಳಿದವನು ನನ್ನ ಗಂಡನೇ. ಹೀಗಿರುವಾಗ ನಾನು ಯಾರ ಜತೆ ಜಗಳ ಆಡಲಿ?

ಜಗಳ ನನಗೆ ಕಷ್ಟದ ಕೆಲಸವಲ್ಲ. ನಾನು ಹುಟ್ಟಿದಾಗ ಅತ್ತದ್ದು ಕೇಳಿ ಸೂಲಗಿತ್ತಿಯೇ ಬೆಚ್ಚಿದ್ದಳೆಂದು ಅವ್ವ ಎಲ್ಲರೆದುರು ಹೇಳಿ ನಗುತ್ತಿದ್ದಳು. ಅಂಥ ನಾನು ಈ ಒಂದು ವಿಷಯದಲ್ಲಿ ಇಷ್ಟು ವರ್ಷ ಬಾಯಿ ಹೊಲಿದುಕೊಂಡು ಕೂತೆ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವರ ಪಾಡು ನನ್ನದಾಗಿತ್ತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಹೋದ ವರ್ಷ ಅವ್ವ ತೀರಿಕೊಂಡಳು. ಇನ್ನು ನಾನು ಮಾತಾಡಿದರೆ ನೋಯುವವರು ಯಾರೂ ಉಳಿದಿಲ್ಲ. ಬರೆಯುತ್ತಿದ್ದೇನೆಂದು ಗಂಡನಿಗೂ ಗೊತ್ತು. ಬೇಡ ಎಂದಿಲ್ಲ, ಹೂಂ ಎಂದೂ ಇಲ್ಲ.

ನನ್ನ ಗಂಡ ನನಗೆ ಸೋದರಮಾವ, ಅವ್ವನ ಕಡೆಯ ತಮ್ಮ. ನಮ್ಮ ಕಡೆ ಇದು ಹೊಸದೇನಲ್ಲ. ಅವನ ತಾಯಿ ಬೇಗ ಹೋದದ್ದರಿಂದ ಅವ್ವ ಅವನನ್ನು ಹತ್ತಿಮತ್ತೂರಿನ ನಮ್ಮ ಮನೆಗೇ ತಂದಿಟ್ಟುಕೊಂಡಳು. ನನ್ನ ಅಣ್ಣನೂ ಅವನೂ ಹೆಚ್ಚುಕಡಿಮೆ ಒಂದೇ ವಯಸ್ಸಿನವರು. ಒಂದೇ ತಾಟಿನಲ್ಲಿ ಉಂಡು, ಒಂದೇ ಚಾದರದಲ್ಲಿ ಮಲಗಿ ಬೆಳೆದರು. ಸಂಬಂಧದಲ್ಲಿ ಮಾವ-ಅಳಿಯ, ಪುಂಡಾಟಿಕೆಯಲ್ಲಿ ಅಣ್ಣ-ತಮ್ಮ. ನಾನು ಚಿಕ್ಕಂದಿನಿಂದ ಮಾಮಾ ಎಂದು ಕರೆದವನನ್ನೇ ಮದುವೆಯಾದ ಮೇಲೂ ಮಾಮಾ ಎಂದೇ ಕರೆದೆ. ಜನರೆದುರು ‘ಬರ್ರಿ’ ‘ಹೋಗ್ರಿ’ ಅನ್ನುತ್ತೇನೆ. ಸಿಟ್ಟು ಬಂದರೆ ‘ನೀ’ಗೆ ಇಳಿಯುತ್ತೇನೆ.

ಮಾಮ ಹಾನಗಲ್ಲಿನಲ್ಲಿ ಗ್ಯಾರೇಜು ಹಾಕಿದ. ಮುಂದಿನ ಕೋಣೆಯಲ್ಲಿ ನಾನು ಹೊಲಿಗೆ ಮಷಿನ್ ಇಟ್ಟುಕೊಂಡೆ. ಅಣ್ಣ ಊರಲ್ಲಿ ಗೋವಿನಜೋಳ ಬೆಳೆಯುತ್ತ, ಬಿಡುವು ಸಿಕ್ಕಾಗಲೆಲ್ಲ ನಮ್ಮಲ್ಲಿಗೆ ಓಡಿ ಬರುತ್ತಿದ್ದ. ತಂಗಿಯನ್ನು ನೋಡಲು ಬಂದೆ ಎನ್ನುತ್ತಿದ್ದ. ಬಂದವನು ನನ್ನ ಮುಖ ನೋಡುವ ಮೊದಲು ಗ್ಯಾರೇಜಿನಲ್ಲಿ ನಿಂತ ಗಾಡಿಯ ಮುಖ ನೋಡುತ್ತಿದ್ದ. ಅವನಿಗೆ ಮಣ್ಣಿನ ರೇಸಿನ ಹುಚ್ಚು. ಸುಗ್ಗಿ ಮುಗಿದ ಮೇಲೆ ಹಾನಗಲ್, ಹಿರೇಕೆರೂರು, ಶಿಗ್ಗಾವಿ, ಸವಣೂರು ಕಡೆ ಖಾಲಿ ಬಿದ್ದ ಹೊಲಗಳಲ್ಲಿ ಟ್ರ್ಯಾಕ್ಟರಿನಿಂದ ದಾರಿ ಮಾಡಿ, ಸುಣ್ಣದ ಗೆರೆ ಎಳೆದು ಬೈಕ್ ಓಡಿಸುತ್ತಾರಲ್ಲ, ಅದು. ಅಣ್ಣನದು ಎರಡು ಸ್ಟ್ರೋಕಿನ ಹಳೆಯ ಗಾಡಿ. ಗುಜರಿಗೆ ಹೋಗಬೇಕಾದದ್ದನ್ನು ಮಾಮ ಎತ್ತಿ ತಂದು ಜೀವ ಕೊಟ್ಟಿದ್ದ.

ಗಾಡಿಯ ಜೀವ ಎಲ್ಲಿದೆ ಎಂದು ನಾನು ಕಲಿತದ್ದು ಆ ದಿನಗಳಲ್ಲಿ. ಹೆಡ್ಡು ಎಂದರೆ ಎಂಜಿನ್ನಿನ ಮೇಲಿನ ಮುಚ್ಚಳ. ಅದನ್ನು ತಿರುಗಿಸಿ ಹಿಡಿದರೆ ಒಳಗೆ ಸಣ್ಣದೊಂದು ತಗ್ಗು ಕಾಣುತ್ತದೆ. ಪಿಸ್ಟನ್ ಮೇಲೆ ಬಂದು ಪೆಟ್ರೋಲು-ಗಾಳಿಯನ್ನು ಒತ್ತಿ ಹಿಡಿಯುವುದು, ಪ್ಲಗ್ಗಿನ ಕಿಡಿ ಹತ್ತುವುದು, ಎಲ್ಲ ಉರಿಯುವುದು ಆ ತಗ್ಗಿನಲ್ಲಿ. ಪುಸ್ತಕದಲ್ಲಿ ಅದಕ್ಕೆ ದಹನ ಕೋಣೆ ಎನ್ನುತ್ತಾರಂತೆ. ನಮ್ಮ ಮನೆಯಲ್ಲಿ ಅದರ ಹೆಸರು ಬಟ್ಟಲು. ‘ಇವತ್ತು ಬಟ್ಟಲು ಅಳೀಬೇಕು’ ಎಂದು ಮಾಮ ಹೇಳಿದರೆ ಬಂದವರು ಪಾಯಸ ಇದೆಯೇನೋ ಎಂದು ಅಡಿಗೆಮನೆಯ ಕಡೆ ನೋಡುತ್ತಿದ್ದರು.

ಕಂಪನಿಯಿಂದ ಬಂದ ಬಟ್ಟಲು ಅಗಲ, ಉರಿ ಮಂದ. ಸಂತೆಗೆ ಹೋಗಿ ಬರುವವರಿಗೆ ಸಾಕು, ರೇಸಿಗೆ ಸಾಲದು. ಹುಡುಗರು ಅದರ ಮುಖವನ್ನು ಕಲ್ಲಿಗೆ ತಿಕ್ಕಿ ಬಟ್ಟಲು ಸಣ್ಣದು ಮಾಡುತ್ತಾರೆ. ಒತ್ತಡ ಏರುತ್ತದೆ, ಮೊದಲ ಸುತ್ತಿನಲ್ಲಿ ಗಾಡಿ ಹಾರುತ್ತದೆ. ಆಮೇಲೆ ಒಳಗಿಂದ ಡಬ್ಬಿಯಲ್ಲಿ ಹರಳು ಕುಲುಕಿದ ಹಾಗೆ ಕಟಕಟ ಶುರುವಾಗುತ್ತದೆ. ಕಿಡಿ ಹತ್ತಿಸಿದ ಬೆಂಕಿ ಮೂಲೆಗೆ ಹೋಗಿ ಮುಟ್ಟುವ ಮೊದಲೇ ಮೂಲೆಯಲ್ಲಿ ಕೂತ ಪೆಟ್ರೋಲು ಬಿಸಿಗೆ ತಾನೇ ಸಿಡಿಯುವ ಸದ್ದು ಅದು. ಪಿಸ್ಟನ್ನನ್ನು ಹೊಡೆದು ಹೊಡೆದು ತಿನ್ನುತ್ತದೆ.

ಮಾಮ ಅದನ್ನು ವಿವರಿಸುತ್ತಿದ್ದ ರೀತಿ ನನಗೆ ಈಗಲೂ ಕಿವಿಯಲ್ಲಿದೆ.

“ಬೆಂಕಿಗೆ ಜಾಗಾ ಭಾಳ ಕೊಟ್ರ ಮೈಗಳ್ಳ ಆಗತೈತಿ. ಭಾಳ ಕಮ್ಮಿ ಕೊಟ್ರ ಸಿಟ್ಟಿಗೇಳತೈತಿ. ಎಷ್ಟು ಕೊಡಬೇಕು ಅನ್ನೂದಲ್ಲ, ಹೆಂಗ ಕೊಡಬೇಕು ಅನ್ನೂದು ತಿಳೀಬೇಕು.”

“ನಮ್ಮ ತಂಗೀನ ಹೆಂಗ ಇಟ್ಟುಕೊಂಡೀಯೋ ಮಾಮಾ, ಹಂಗ ಇಟ್ಟುಕೊಂಡ್ರ ಆತಲ್ಲ,” ಎಂದು ಅಣ್ಣ ನನ್ನ ಕಡೆ ನೋಡಿ ನಗುತ್ತಿದ್ದ. ನಾನು ಕೈಗೆ ಸಿಕ್ಕ ದಾರದ ಉಂಡೆ ಎಸೆಯುತ್ತಿದ್ದೆ.

‘ಹೆಂಗ’ ಎನ್ನುವುದರ ಗುಟ್ಟು ಅಂಚಿನಲ್ಲಿತ್ತು. ಮಾಮ ಬಟ್ಟಲನ್ನು ನಡುವೆ ಆಳವಾಗಿ, ದುಂಡಗೆ ಕೊರೆದು ಸುತ್ತಲೂ ಒಂದು ಚಪ್ಪಟೆ ಅಂಚು ಬಿಡುತ್ತಿದ್ದ. ಪಿಸ್ಟನ್ ಮೇಲೆ ಬಂದಾಗ ಆ ಅಂಚಿಗೆ ಇನ್ನೇನು ತಾಗಬೇಕು, ತಾಗಬಾರದು. ಆಗ ಅಂಚಿನಲ್ಲಿದ್ದ ಪೆಟ್ರೋಲು-ಗಾಳಿ ಹಿಂಡಿಕೊಂಡು ರಭಸದಿಂದ ನಡುವಿಗೆ ನುಗ್ಗುತ್ತದೆ, ಸುಳಿ ತಿರುಗುತ್ತದೆ, ಕಿಡಿ ಸೋಕಿದ್ದೇ ಒಂದೇ ಉಸಿರಿಗೆ ಉರಿದು ಮುಗಿಯುತ್ತದೆ. ಮೂಲೆಯಲ್ಲಿ ಕೂತು ತಾನೇ ಸಿಡಿಯಲು ಏನೂ ಉಳಿದಿರುವುದಿಲ್ಲ. ಹಾಗಾಗಿ ಒತ್ತಡ ಹೆಚ್ಚಿಟ್ಟರೂ ಎಂಜಿನ್ ತಾಳುತ್ತದೆ. ಪ್ಲಗ್ಗಿನ ತೂತು ಒಂದು ಬದಿಗೆ ಇದ್ದದ್ದನ್ನು ಶಿಗ್ಗಾವಿಗೆ ಒಯ್ದು ಅಲ್ಯುಮಿನಿಯಂ ಬೆಸುಗೆ ಹಾಕಿಸಿ ಮುಚ್ಚಿಸಿ, ನಟ್ಟನಡುವೆ ಹೊಸದು ಕೊರೆಸಿಕೊಂಡು ಬಂದ. ನಡುವೆ ಹೊತ್ತಿದ ಬೆಂಕಿಗೆ ಎಲ್ಲ ಬದಿಯೂ ಒಂದೇ ದೂರ.

ಬಟ್ಟಲು ಅಳೆಯುವ ಕೆಲಸ ನನ್ನದು. ಹೆಡ್ಡನ್ನು ಮಗುಚಿ ಇಟ್ಟು, ತೂತಿರುವ ಗಾಜಿನ ಚೂರು ಮುಚ್ಚಿ, ಔಷಧಿ ಅಂಗಡಿಯ ಸಿರಿಂಜಿನಿಂದ ತೆಳು ಎಣ್ಣೆ ಬಿಡಬೇಕು. ಒಂದು ಗುಳ್ಳೆಯೂ ಉಳಿಯದ ಹಾಗೆ ತುಂಬಿದಾಗ ಎಷ್ಟು ಎಣ್ಣೆ ಹಿಡಿಯಿತೋ ಅದು ಬಟ್ಟಲಿನ ಅಳತೆ. ಮಾಮನ ಕೈ ಸುತ್ತಿಗೆ ಹಿಡಿದು ಒರಟಾಗಿತ್ತು, ನನ್ನ ಕೈ ಸೂಜಿಗೆ ದಾರ ಪೋಣಿಸಿ ಪಳಗಿತ್ತು. ಅಂಚಿನ ಸಂದು ಅಳೆಯಲು ಬೇರೆ ಉಪಾಯ. ಬೆಸುಗೆಯ ಮೆತ್ತನೆಯ ತಂತಿಯನ್ನು ಪ್ಲಗ್ಗಿನ ತೂತಿನಿಂದ ಒಳಗೆ ಇಳಿಬಿಟ್ಟು, ಕಿಕ್ಕರನ್ನು ಮೆಲ್ಲಗೆ ಒತ್ತಿದರೆ ಪಿಸ್ಟನ್ ಬಂದು ತಂತಿಯನ್ನು ಚಪ್ಪಟೆ ಮಾಡುತ್ತದೆ. ಆ ಚಪ್ಪಟೆಯನ್ನು ಅಳೆದರೆ ಸಂದು ಎಷ್ಟೆಂದು ತಿಳಿಯುತ್ತದೆ. ಅಣ್ಣ ಸುಮ್ಮನೆ ಕೂರುವವನಲ್ಲ. ಚಪ್ಪಟೆಯಾದ ತಂತಿಯ ತುಂಡುಗಳನ್ನು ಬಗ್ಗಿಸಿ ನನಗೆ ಉಂಗುರ ಮಾಡಿ ಕೊಡುತ್ತಿದ್ದ. “ಬಂಗಾರದ್ದು ಆಮ್ಯಾಲ ತಂಗಿ, ಸದ್ಯ ಇದನ್ನ ಹಾಕ್ಕೋ.”

ಬಹಳ ಹೆಡ್ಡುಗಳು ಹಾಳಾದವು. ಒಂದರಲ್ಲಿ ಅಂಚು ಅಗಲವಾಗಿ ಗಾಡಿ ತಿರುವಿನಲ್ಲಿ ಜಿಗಿಯಿತು, ಉದ್ದನೆಯ ಓಟದಲ್ಲಿ ಉಸಿರು ಕಟ್ಟಿತು. ಇನ್ನೊಂದರಲ್ಲಿ ಸಂದು ತೀರ ಕಿರಿದಾಗಿ, ಓಡುವಾಗ ಪಿಸ್ಟನ್ ಬಂದು ಹೆಡ್ಡಿಗೆ ಮುತ್ತಿಟ್ಟಿತು. ಕಡೆಗೆ ಒಂದು ಹೆಡ್ಡು ಆಯಿತು. ಅದನ್ನು ಹಾಕಿ ಅಣ್ಣ ಮೊದಲ ಸಲ ಓಡಿಸಿದ ದಿನ, ಅಷ್ಟು ಒತ್ತಡ ಇಟ್ಟರೂ ಎಂಜಿನ್ ಮೆತ್ತಗೆ, ತುಂಬುಗಂಟಲಲ್ಲಿ ಹಾಡಿತು. ಪ್ಲಗ್ ಬಿಚ್ಚಿ ನೋಡಿದರೆ ಹಾಲು ಹಾಕಿದ ಚಹಾದ ಬಣ್ಣ. ಒಳಗಿನ ಬೆಂಕಿ ಸರಿ ಇದೆ ಎನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಕಿಲ್ಲ. ಆ ವರ್ಷ ಅಣ್ಣ ಓಡಿದ ಕಡೆಯೆಲ್ಲ ಗೆದ್ದ. ಹಿರೇಕೆರೂರು, ಸವಣೂರಿನಿಂದ ಹೆಡ್ಡು ಹಿಡಿದುಕೊಂಡು ಬರುವವರು ನಮ್ಮ ಬಾಗಿಲಲ್ಲಿ ಸಾಲುಗಟ್ಟಿದರು. ಮಾಮ ಅಂಥ ಸಂತೋಷದಲ್ಲಿದ್ದದ್ದನ್ನು ನಾನು ಮತ್ತೆ ನೋಡಲಿಲ್ಲ.

ಅವ್ವನಿಗೆ ಈ ರೇಸು ಬೇಡವಾಗಿತ್ತು. ಬೇಡ ಎಂದರೆ ಮಗ ಕೇಳುವುದಿಲ್ಲ ಎಂದು ಗೊತ್ತಿದ್ದರಿಂದ ತನಗೆ ತಿಳಿದದ್ದನ್ನು ಮಾಡುತ್ತಿದ್ದಳು. ಪ್ರತಿ ರೇಸಿಗೂ ವಿಭೂತಿ ತರುತ್ತಿದ್ದಳು. ನಮ್ಮದು ಶಿವನ ಮನೆತನ, ಹಸುಗೂಸಿಗೆ ಜ್ವರ ಬಂದರೂ ವಿಭೂತಿ, ಹೊಸ ನೇಗಿಲಿಗೂ ವಿಭೂತಿ. ಅಣ್ಣನ ಹಣೆಗೆ ಹಚ್ಚಿ, ಗಾಡಿಯ ಪೆಟ್ರೋಲು ಟಾಕಿಯ ಮೇಲೆ ಮೂರು ಬೆರಳು ಎಳೆಯುತ್ತಿದ್ದಳು. ಮಾಮನಿಗೆ ಒಂದು ಅಭ್ಯಾಸ. ಗಾಡಿ ಗೆರೆಗೆ ಹೋಗಿ ನಿಲ್ಲುವ ಮೊದಲು ಪೆಟ್ರೋಲಿನ ಬಟ್ಟೆಯಿಂದ ಇಡೀ ಗಾಡಿ ಒರೆಸುತ್ತಿದ್ದ. ಎಲ್ಲಾದರೂ ಎಣ್ಣೆ ಜಿನುಗುತ್ತಿದ್ದರೆ ಆಗ ಕಣ್ಣಿಗೆ ಬೀಳುತ್ತದೆ. ಅದರ ಜತೆ ಅವ್ವನ ವಿಭೂತಿಯೂ ಹೋಗುತ್ತಿತ್ತು.

“ನಾ ಹಚ್ಚೂದು, ನೀ ಒರಸೂದು. ದೇವರಿಗೆ ತಿಳೀಬೇಕಲ್ಲೋ ತಮ್ಮಾ, ಯಾವ ಗಾಡಿ ಕಾಯಬೇಕು ಅಂತ,” ಎಂದು ಅವ್ವ ಗೊಣಗುತ್ತಿದ್ದಳು.

“ನಿನ್ನ ಮಗಾ ಮುಂದ ಇರ್ತಾನಲ್ಲಕ್ಕಾ, ದೇವರಿಗೆ ಗುರ್ತ ಹತ್ತತೈತಿ ಬಿಡು,” ಎಂದು ಮಾಮ ನಗಿಸುತ್ತಿದ್ದ.

ಆ ದಿನದ ರೇಸು ತಿಳವಳ್ಳಿಯ ಕಡೆ, ಭತ್ತ ಕೊಯ್ದ ಗದ್ದೆಯಲ್ಲಿ. ಹಿಂದಿನ ಸಲ ಉದ್ದನೆಯ ಓಟದಲ್ಲಿ ಪೆಟ್ರೋಲು ಸಾಲದೆ ಪಿಸ್ಟನ್ ಕಾದು ಹಿಡಿದಂತಾಗಿತ್ತು ಎಂದು ಮಾಮ ಪೆಟ್ರೋಲಿನ ನಳಿಗೆಯ ನಡುವೆ ಕಸ ತಡೆಯುವ ಫಿಲ್ಟರನ್ನು ತೆಗೆದುಬಿಟ್ಟಿದ್ದ. ರೇಸಿನವರು ಬಹಳ ಜನ ಹಾಗೆ ಮಾಡುತ್ತಾರೆ. ಬುತ್ತಿ ಬಿಚ್ಚಿ ಎಲ್ಲರೂ ಗಿಡದ ನೆರಳಿಗೆ ಕೂತಾಗ ಅವ್ವ ಒಬ್ಬಳೇ ಗಾಡಿಯ ಹತ್ತಿರ ನಿಂತಿದ್ದಳು. ಟಾಕಿಯ ಮೇಲೆ ಕೈ ಇತ್ತು. ಎಂದಿನಂತೆ ಹಚ್ಚುತ್ತಿದ್ದಾಳೆ ಎಂದುಕೊಂಡು ನಾನು ರೊಟ್ಟಿಗೆ ಪಲ್ಯ ಬಡಿಸಿದೆ. ಬಂದು ಕೂತವಳ ಮುಖ ನಿರಾಳವಾಗಿತ್ತು. ಆ ದಿನ ಮಾಮ ಗಾಡಿ ಒರೆಸಿದಾಗ ಅವಳು ಗೊಣಗಲೂ ಇಲ್ಲ.

ರೇಸಿನ ಮೊದಲ ಸುತ್ತುಗಳಲ್ಲಿ ಅಣ್ಣನೇ ಮುಂದಿದ್ದ. ಬದುವಿನ ಮೇಲೆ ನಾನು, ಅವ್ವ, ಮಾಮ. ಮೊಬೈಲು ಎತ್ತಿ ಹಿಡಿದ ಹುಡುಗರ ಗದ್ದಲದ ನಡುವೆ ಮಾಮ ಕಣ್ಣು ಮುಚ್ಚಿ ಸದ್ದು ಕೇಳುತ್ತಿದ್ದ. ಉದ್ದನೆಯ ಓಟಕ್ಕೆ ಅಣ್ಣ ತಿರುಗಿದಾಗ ಗಾಡಿಯ ದನಿ ತೆಳ್ಳಗಾಯಿತು, ಮೇಲೇರಿತು. ವೇಗ ಇನ್ನೂ ಹೆಚ್ಚಿತು. ಜನ ಸಿಳ್ಳೆ ಹೊಡೆದರು. ಆರುವ ದೀಪಕ್ಕೆ ಬೆಳಕು ಹೆಚ್ಚು ಎನ್ನುತ್ತಾರಲ್ಲ, ಪೆಟ್ರೋಲು ಕಡಿಮೆಯಾಗಿ ಬರೀ ಗಾಳಿಗೆ ಕಾದ ಎಂಜಿನ್ನೂ ಹಾಗೆಯೇ, ಸಾಯುವ ಮುಂಚೆ ಚೆನ್ನಾಗಿ ಓಡುತ್ತದೆ. ಮಾಮ ಕಣ್ಣು ಬಿಟ್ಟವನೇ ಹೆಗಲ ಮೇಲಿನ ಟವೆಲ್ಲು ಬೀಸುತ್ತ “ಬಿಡೋ, ಎಕ್ಸಿಲೇಟರ್ ಬಿಡೋ!” ಎಂದು ಓಡಿದ. ಅಣ್ಣ ಅದನ್ನು ನೋಡಿದ. ಹುರಿದುಂಬಿಸುತ್ತಿದ್ದಾನೆ ಎಂದುಕೊಂಡಿರಬೇಕು, ಇನ್ನೂ ಬಗ್ಗಿ ಕೂತ. ಎಂಜಿನ್ ಹಿಡಿಯಿತು, ಹಿಂದಿನ ಚಕ್ರ ನಿಂತಿತು, ಅಣ್ಣ ಬದುವಿನ ಮೇಲೆ ಹೋಗಿ ಬಿದ್ದ. ಹೆಲ್ಮೆಟ್ ಇತ್ತು. ಕುತ್ತಿಗೆ ಉಳಿಯಲಿಲ್ಲ.

ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದ ಆಗುವುದಿಲ್ಲ. ಹತ್ತಿಮತ್ತೂರಿನಲ್ಲಿ ಮಣ್ಣು ಮಾಡಿದೆವು. ಅವ್ವ ಅಳಲಿಲ್ಲ, ಒಂದೇ ಮಾತು ಕೇಳುತ್ತಿದ್ದಳು: “ಗಾಡಿಗೆ ಏನಾತು? ಗಾಡಿಗೆ ಏನಾಗಿತ್ತು?” ಕೇಳಿದವರಿಗೆಲ್ಲ ಮಾಮ ಹೇಳಿದ ಉತ್ತರ ಒಂದೇ. ಬಿಚ್ಚಿ ನೋಡಿ ಹೇಳ್ತೇನಿ.

ಪಂಚನಾಮೆ ಮುಗಿದು ಗಾಡಿ ಕೈಗೆ ಬಂದ ದಿನ ಮಧ್ಯಾಹ್ನ ಗ್ಯಾರೇಜಿನ ಬಾಗಿಲು ಹಾಕಿಕೊಂಡು ಮಾಮ ಎಂಜಿನ್ ಬಿಚ್ಚಿದ. ಜತೆಗೆ ನಾನೊಬ್ಬಳೇ. ಅವ್ವ, ಬಂಧುಗಳು ಎಲ್ಲ ನಮ್ಮ ಮನೆಯಲ್ಲೇ ಹೊರಗೆ ಕೂತಿದ್ದರು. ಪ್ಲಗ್ಗು ಸುಣ್ಣದ ಹಾಗೆ ಬೆಳ್ಳಗಿತ್ತು. ಪಿಸ್ಟನ್ ಒಂದು ಬದಿಗೆ ಕರಗಿ ಗೋಡೆಗೆ ಅಂಟಿತ್ತು. ಮಾಮ ಹೆಡ್ಡನ್ನು ಕಿಟಕಿಯ ಬೆಳಕಿಗೆ ಹಿಡಿದ. ತಪ್ಪು ಬಟ್ಟಲಿನದಾಗಿದ್ದರೆ, ಒತ್ತಡ ಅತಿಯಾಗಿದ್ದರೆ, ಅಂಚೆಲ್ಲ ಇರುವೆ ತಿಂದ ಹಾಗೆ ಚುಕ್ಕಿಚುಕ್ಕಿಯಾಗಿರಬೇಕು. ಒಂದು ಚುಕ್ಕಿಯೂ ಇರಲಿಲ್ಲ. ಅಂಚು ಕೊರೆದ ದಿನ ಎಷ್ಟು ನುಣ್ಣಗಿತ್ತೋ ಅಷ್ಟೇ ನುಣ್ಣಗಿತ್ತು. ನಾನಲ್ಲ ಎನ್ನುವ ಒಂದು ಬಿಡುಗಡೆ ಮಾಮನ ಮುಖದಲ್ಲಿ ಬಂದು ಹೋದದ್ದನ್ನು ನಾನು ನೋಡಿದೆ.

ಆಮೇಲೆ ಅವನು ಎಂಜಿನ್ನಿಗೆ ಪೆಟ್ರೋಲು-ಗಾಳಿ ಬೆರೆಸಿ ಕೊಡುವ ಕಾರ್ಬೊರೇಟರಿನ ಕೆಳಗಿನ ಬೋಗುಣಿ ಬಿಚ್ಚಿದ. ತಳದಲ್ಲಿ ಬೂದು ಬಣ್ಣದ ಕೆಸರು ಕೂತಿತ್ತು. ಪೆಟ್ರೋಲು ಹರಿದುಬರುವ ಸಣ್ಣ ತೂತೂ ಅದರಿಂದಲೇ ಮುಚ್ಚಿತ್ತು. ಗದ್ದೆಯ ಮಣ್ಣು ಎಂದುಕೊಂಡೆ. ಮಾಮ ಬೆರಳಿಗೆ ಹಚ್ಚಿಕೊಂಡು ತಿಕ್ಕಿದ. ಪೆಟ್ರೋಲು ಆರುತ್ತಿದ್ದಂತೆ ಬೆರಳು ಬೆಳ್ಳಗಾಯಿತು. ನಮ್ಮಂಥ ಮನೆಯಲ್ಲಿ ಬೆರಳಿಗೆ ವಿಭೂತಿ ಹತ್ತಿದರೆ ನೆಲಕ್ಕೆ ಝಾಡಿಸುವುದಿಲ್ಲ, ಹಣೆಗೆ ಒರೆಸಿಕೊಳ್ಳುತ್ತೇವೆ. ತಿಳಿಯದೆ ಅವನ ಕೈ ಹಣೆಯ ಕಡೆ ಹೋಯಿತು, ಅರ್ಧಕ್ಕೆ ನಿಂತಿತು. ಇಬ್ಬರಿಗೂ ಒಟ್ಟಿಗೇ ತಿಳಿಯಿತು. ಹೊರಗೆ ಹಚ್ಚಿದರೆ ತಮ್ಮ ಒರೆಸುತ್ತಾನೆ ಎಂದು ಅವ್ವ ಆ ದಿನ ಟಾಕಿಯ ಮುಚ್ಚಳ ತೆಗೆದು ಒಳಗೆ ಹಾಕಿದ್ದಳು.

ಮಾಮ ನೆಲಕ್ಕೆ ಕೂತ. ಎದ್ದವನು ಕಾರ್ಬೊರೇಟರನ್ನು ಪೆಟ್ರೋಲಿನಲ್ಲಿ ಅದ್ದಿ ತೊಳೆಯಲು ಶುರು ಮಾಡಿದ.

“ಏನ್ ಮಾಡಾಕತ್ತೀರಿ?” ಎಂದೆ.

“ಅಕ್ಕಗ ಇದು ತಿಳೀಬಾರದು.”

“ಮತ್ತ ಏನಂತ ಹೇಳ್ತೀರಿ?”

“ಹೆಡ್ಡು ಭಾಳ ಕೊರದಿದ್ದೆ ಅಂತೇನಿ.”

ನನಗೆ ಮೈ ಉರಿಯಿತು. ಅಣ್ಣ ಹೋದ ದುಃಖಕ್ಕಿಂತ ಆ ಕ್ಷಣದ ಸಿಟ್ಟು ದೊಡ್ಡದಾಗಿತ್ತು, ಸುಳ್ಳೇಕೆ ಹೇಳಲಿ. “ನಿನಗೇನ್ ತಲಿ ಕೆಟ್ಟೈತೇನ್ ಮಾಮಾ? ಅಂಚು ನೋಡು, ಹೆಂಗ ಐತಿ ನೋಡು! ಇಂಥಾ ಹೆಡ್ಡು ಈ ಸೀಮ್ಯಾಗ ಯಾರ ಕೊರದಾರ? ನಿನ್ನ ಹೆಸರು ನೀನಽ ಮಣ್ಣಾಗ ಹಾಕ್ತಿ?”

“ಮಗನ್ನ ಕೊಂದಾಕಿ ನಾನಽ ಅಂತ ತಿಳದ್ರ ಅಕ್ಕ ಬದುಕೂದಿಲ್ಲ. ಹೆಸರಿನ ಮಾತು ಆಮ್ಯಾಲ. ಫಿಲ್ಟರ್ ಇದ್ದಿದ್ರ ಅದು ಅಲ್ಲೇ ನಿಲ್ತಿತ್ತು. ತಗದಾಂವ ನಾನಽ ಅಲ್ಲೇನು? ಪೂರಾ ಸುಳ್ಳೇನ್ ಹೇಳಾಕತ್ತಿಲ್ಲ ಬಿಡು.”

ಬಾಗಿಲು ತೆಗೆದು ಹೋಗಿ ಅವ್ವನ ಮುಂದೆ ಕೂತ. ನಾನು ಹೊಸ್ತಿಲಲ್ಲಿ ನಿಂತಿದ್ದೆ. ಎಲ್ಲರಿಗೂ ಕೇಳುವ ಹಾಗೆ ಹೇಳಿದ: “ಅಕ್ಕಾ, ಹೆಡ್ಡಿನ್ಯಾಗ ನನ್ನ ತಪ್ಪಾತು. ಗೆಲ್ಲೂ ಆಶಾಕ್ಕ ಬಟ್ಟಲು ಭಾಳ ಸಣ್ಣದು ಮಾಡಿದ್ದೆ. ಕಾವಿಗೆ ಎಂಜಿನ್ ಹಿಡೀತು.”

ಅವ್ವ ಅವನ ಮುಖವನ್ನೇ ನೋಡಿದಳು. ಸೆರಗು ಸರಿಮಾಡಿಕೊಂಡು ಎದ್ದಳು. “ನಡೀರಿ, ಊರಿಗೆ ಹೋಗೂಣು,” ಎಂದು ದೊಡ್ಡಪ್ಪನ ಮಕ್ಕಳಿಗೆ ಹೇಳಿದಳು. ನಾನು ತಂದಿಟ್ಟ ನೀರು ಹಾಗೇ ಉಳಿಯಿತು.

ಆ ದಿನದಿಂದ ಅವ್ವ ನಮ್ಮ ಮನೆಯ ಮೆಟ್ಟಿಲು ಹತ್ತಲಿಲ್ಲ. ಊರಲ್ಲಿ ದೊಡ್ಡಪ್ಪನ ಮಕ್ಕಳ ಕೂಡುಮನೆಯಲ್ಲಿ ಇದ್ದಳು, ಅವರ ಮಕ್ಕಳನ್ನು ಆಡಿಸಿಕೊಂಡು. ನಾನು ಹೋದರೆ ಮಾತಾಡಿಸುತ್ತಿದ್ದಳು. ಮಾಮನ ಹೆಸರು ಎತ್ತಿದರೆ ಎದ್ದು ಒಳಗೆ ಹೋಗುತ್ತಿದ್ದಳು. ಪ್ರತಿ ವರ್ಷ ಪಂಚಮಿಗೆ ನನ್ನನ್ನು ಕರೆಯಲು ಅಣ್ಣ ಅದೇ ಗಾಡಿಯಲ್ಲಿ ಬರುತ್ತಿದ್ದ. ಓಣಿಯ ತುದಿಯಲ್ಲೇ ಸದ್ದು ಕೇಳಿ ನಾನು ಚೀಲ ಎತ್ತಿಕೊಳ್ಳುತ್ತಿದ್ದೆ. ಅವನು ಹೋದ ಮೇಲೆ ನಾನೇ ಬಸ್ಸು ಹತ್ತಿ ಹೋಗುತ್ತಿದ್ದೆ. ಹೋಗದೆ ಬಿಟ್ಟರೆ ಅವ್ವನಿಗೆ ನೋವು, ಹೋದರೆ ಮಾಮ ಹಬ್ಬದ ದಿನ ಒಬ್ಬನೇ ಅನ್ನ ಬೇಯಿಸಿಕೊಂಡು ಉಣ್ಣುತ್ತಿದ್ದ. ಅಕ್ಕನ ಕೈಯ ಉಂಡಿ ಎಂದರೆ ಪ್ರಾಣ ಬಿಡುತ್ತಿದ್ದವನು. ನಾನು ಸೆರಗಿನಲ್ಲಿ ಕಟ್ಟಿಕೊಂಡು ಬಂದರೆ, ಆಕೆ ಕೊಟ್ಟಳೇ ಎಂದು ಕೇಳುತ್ತಿದ್ದ. ನಾನು ಹೂಂ ಎನ್ನುತ್ತಿದ್ದೆ. ಅದೂ ಸುಳ್ಳೇ.

ಊರ ಬಾಯಿಗೆ ಮುಚ್ಚಳ ಎಲ್ಲಿದೆ? ಹೆಡ್ಡು ಹಿಡಿದು ಬರುವವರು ನಿಂತರು. ಹೆಡ್ಡು ಕೊರೆಯುವ ಲೇತ್ ಮಷಿನ್ನಿನ ಮೇಲೆ ಗೋಣಿಚೀಲ ಬಿತ್ತು. ಪಂಪ್‌ಸೆಟ್ಟು, ಔಷಧಿ ಮಷಿನ್ನು, ಗೋವಿನಜೋಳ ಬಿಡಿಸುವ ಯಂತ್ರ, ಕೆಲಸಕ್ಕೇನೂ ಕೊರತೆಯಾಗಲಿಲ್ಲ. ಆದರೆ ಕೆಲಸ ಮಾಡುವಾಗ ಸಿಳ್ಳೆ ಹಾಕುತ್ತಿದ್ದವನು ಸಿಳ್ಳೆ ಬಿಟ್ಟ. ಆ ಹೆಡ್ಡನ್ನು ನಾನು ನನ್ನ ಹಳೆಯ ಕುಬಸದ ಬಟ್ಟೆಯಲ್ಲಿ ಸುತ್ತಿ ಹೊಲಿಗೆ ಮಷಿನ್ನಿನ ಖಾನೆಯಲ್ಲಿಟ್ಟೆ.

ಒಮ್ಮೆ ಹಿರೇಕೆರೂರಿನ ಕಡೆಯ ಇಬ್ಬರು ಯುವಕರು ಪಂಪ್‌ಸೆಟ್ಟಿನ ಸಾಮಾನಿಗೆ ಬಂದಿದ್ದರು. ಅವರ ಬೈಕಿನ ಸದ್ದು ಒಳಗೆ ಕೂತ ನನಗೇ ಗೊತ್ತಾಯಿತು, ಅದೇ ಕಟಕಟ. ಮಾಮ ತಡೆಯಲಾರದೆ ಹೇಳಿದ: “ಬರೇ ತಿಕ್ಕಿದ್ರ ಆಗೂದಿಲ್ರಪಾ. ಸುತ್ತಲಿನ ಅಂಚು ನೋಡ್ರಿ, ಸಂದು ಅಳೀರಿ. ಇಲ್ಲಂದ್ರ ಪಿಸ್ಟನ್ ಹೋಗತೈತಿ.”

“ನಿಮ್ಮ ಅಂಚಿನ ಸುದ್ದಿ ಕೇಳೇವಿ ಬಿಡ್ರಿ ಕಾಕಾ,” ಎಂದ ಒಬ್ಬ. ಇನ್ನೊಬ್ಬ ನಕ್ಕ.

ಕೈಯಲ್ಲಿ ಕತ್ತರಿ ಇತ್ತು. ಅದನ್ನು ಕೆಳಗಿಟ್ಟು ಎದ್ದೆ. ಮಾಮ ಬಾಗಿಲಿಗೆ ಅಡ್ಡ ನಿಂತ. ಅವರು ಹೋಗುವವರೆಗೂ ಹಾಗೇ ನಿಂತಿದ್ದ. ನಾನು ಹಿತ್ತಲಿಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ.

ಹೋದ ವರ್ಷ ಅವ್ವನ ಎದೆ ಸೋತಿತು. ದೊಡ್ಡಾಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಎಂದರು. ಮಗಳ ಮನೆಗೆ ಹೋಗುತ್ತೇನೆ ಎಂದು ಅವ್ವ ತಾನಾಗಿ ಹೇಳಿದಳಂತೆ. ಕಾರಿನಿಂದ ಇಳಿಸಿ ಒಳಗೆ ಎತ್ತಿಕೊಂಡು ಬಂದವನು ಮಾಮ. ಅವಳು ಬೇಡ ಎನ್ನಲಿಲ್ಲ, ಅವನ ಮುಖವನ್ನೂ ನೋಡಲಿಲ್ಲ. ಅವನು ಗಂಜಿ ಕುಡಿಸುತ್ತಿದ್ದ, ಕಾಲು ಒತ್ತುತ್ತಿದ್ದ, ಸೆರಗು ಜಾರಿದರೆ ಕಣ್ಣು ಬೇರೆ ಕಡೆ ಮಾಡಿ ಹೊದಿಸುತ್ತಿದ್ದ. ಅವಳು ಗೋಡೆ ನೋಡುತ್ತ ಮಲಗಿರುತ್ತಿದ್ದಳು. ಅದನ್ನು ನೋಡಿ ನೋಡಿ ನಾನು ಗಟ್ಟಿ ಮನಸ್ಸು ಮಾಡಿದೆ. ಹೇಳಿಬಿಡಬೇಕು. ಅವ್ವ ಸತ್ಯ ತಿಳಿಯದೆ ಹೋದರೆ ಮಾಮನ ಮೇಲಿನ ಮಣ್ಣು ಯಾವತ್ತೂ ಹೋಗುವುದಿಲ್ಲ. ಹೆಡ್ಡನ್ನು ಖಾನೆಯಿಂದ ತೆಗೆದು ಬಟ್ಟೆ ಸಡಿಲಿಸಿ, ಅವಳ ಹಾಸಿಗೆಯ ಪಕ್ಕದ ಗೂಡಿನಲ್ಲಿಟ್ಟೆ. ಮಾಮ ಅದನ್ನು ನೋಡಿದ. ಬೇಡ ಎಂದು ಬಾಯಿಬಿಟ್ಟು ಹೇಳಲಿಲ್ಲ, ಕಣ್ಣಲ್ಲೇ ಕೈಮುಗಿದ.

ಮರುದಿನ ಬೆಳಿಗ್ಗೆ ಅವ್ವನಿಗೆ ಸ್ವಲ್ಪ ಗೆಲುವಾಗಿತ್ತು. ಮುಖ ತೊಳೆಸಿಕೊಂಡು ತನ್ನ ವಿಭೂತಿಯ ಸಂಚಿ ಕೇಳಿದಳು. ತಾನು ಹಚ್ಚಿಕೊಂಡಳು. ಆಮೇಲೆ, “ತಮ್ಮಾ, ಇಲ್ಲಿ ಬಾ,” ಎಂದಳು. ಅಷ್ಟು ವರ್ಷಗಳಲ್ಲಿ ಮೊದಲ ಸಲ. ಮಾಮ ಕೈಯಲ್ಲಿದ್ದ ಲೋಟ ಹಾಗೇ ಹಿಡಿದುಕೊಂಡು ಮಂಚದ ಹತ್ತಿರ ಮಂಡಿಯೂರಿದ. ಅವಳು ಮೂರು ಬೆರಳು ಅವನ ಹಣೆಯ ಮೇಲೆ ಎಳೆದಳು.

“ನಿನ್ನ ತಪ್ಪು ನಾ ಹೊಟ್ಯಾಗ ಹಾಕ್ಕೊಂಡೇನಿ. ನೀನೂ ನನ್ನ ಕೂಸಽ,” ಎಂದಳು.

ಇದೇ ಸಮಯ ಎಂದು ನಾನು ಗೂಡಿಗೆ ಕೈ ಹಾಕಿದೆ. ಹೆಡ್ಡು ತಣ್ಣಗೆ ಕೈಗೆ ತಾಗಿತು. “ಅವ್ವಾ” ಎಂದೆ. ಅವಳು ನನ್ನ ಕಡೆ ತಿರುಗಲಿಲ್ಲ. ಮಾಮನ ಮುಂಗೈ ಹಿಡಿದುಕೊಂಡು ದನಿ ಇಳಿಸಿದಳು.

“ಒಂದು ಮಾತು ಯಾರಿಗೂ ಹೇಳಿಲ್ಲ ತಮ್ಮಾ. ಅವತ್ತು ನಾ ವಿಭೂತಿ ಟಾಕಿಯೊಳಗ ಹಾಕಿದ್ದೆ. ನೀ ಒರಸ್ತೀಯಲ್ಲ, ಅದಕ್ಕ. ಚೂರು ಚಿವುಟಿ ಹಾಕಿದ್ದೆ. ಪೂರಾ ಉಂಡಿ ಹಾಕಬೇಕಂತ ಮನಸ್ಸಿತ್ತು. ನೀವೆಲ್ಲ ನೋಡೀರಿ ಅಂತ ಅಂಜಿದೆ. ನಿನ್ನ ತಪ್ಪಿಗಿಂತ ನನ್ನ ತಪ್ಪಽ ದೊಡ್ಡದೇನೋ ಅಂತ ಇಷ್ಟು ದಿನಾ ನಿದ್ದಿ ಇಲ್ಲ ನನಗ. ಖರೇ ಹೇಳು. ನಾ ಹಾಕಿದ್ದು ಕಮ್ಮಿ ಆತೇನು?”

ಗೂಡಿನಲ್ಲಿ ನನ್ನ ಕೈ ಹಾಗೇ ಇತ್ತು. ಹೊರಗೆ ಯಾರೋ ಪಂಪ್‌ಸೆಟ್ಟು ಇಳಿಸುತ್ತ ಮಾಮನನ್ನು ಕೂಗುತ್ತಿದ್ದರು. ಅವನು ಲೋಟವನ್ನು ಮೆಲ್ಲಗೆ ನೆಲಕ್ಕಿಟ್ಟ.

“ಇಲ್ಲಕ್ಕಾ,” ಎಂದ. “ಸಾಕಷ್ಟಿತ್ತು. ನೀ ಹಾಕಿದ್ದು ಸಾಕಷ್ಟಿತ್ತು.”

ಅವ್ವನ ಮುಖ ನಿರಾಳವಾಯಿತು. ಅವನ ಕೆನ್ನೆ ಸವರಿ, ಗಂಜಿ ಕೊಡು ಎಂದು ನನ್ನನ್ನು ಕೇಳಿದಳು. ನಾನು ಹೆಡ್ಡಿನ ಮೇಲೆ ಬಟ್ಟೆ ಎಳೆದು ಗಂಜಿ ತಂದೆ. ಹೊರಗಿನಿಂದ ಮತ್ತೆ ಕೂಗಿದರು, ಮಾಮ ಎದ್ದು ಹೋಗಿ ಪಂಪ್‌ಸೆಟ್ಟು ಬಿಚ್ಚಲು ಕೂತ. ಕೆಲಸ ಮಾಡುವಾಗ ಬೆವರಿಗೆ ಹತ್ತು ಸಲ ಮುಖ ಒರೆಸಿಕೊಳ್ಳುವವನು ಆ ದಿನವಿಡೀ ಹಣೆ ಮುಟ್ಟಿಕೊಳ್ಳಲಿಲ್ಲ.